ನೀನಿಲ್ಲದಾಗ ಮಗು ಏನು ಮಾಡುತ್ತದೆ?

ಮಗಳೇ,

ವಿಶೇಷ ಬಿ.ಇಡಿ. ಮುಗಿಯಿತು, ಪುನರ್ವಸತಿ ಪರಿಷತ್ತಿನ ನೋಂದಣಿಯೂ ಆಯಿತು, ಜೂನ್‌ಗೆ ಕೆಲಸಕ್ಕೆ ಸೇರುತ್ತಾಳೆ ಎಂದು ನಿನ್ನಪ್ಪ ಹೇಳಿದ. "ಪುಣ್ಯದ ಕೆಲಸ ಅಲ್ವೇನಕ್ಕಾ?" ಅಂತಲೂ ಕೇಳಿದ. ನೆಂಟರಿಷ್ಟರೆಲ್ಲ ಇನ್ನು ನಿನಗೆ ಇದನ್ನೇ ಹೇಳುತ್ತಾರೆ. ಎಷ್ಟು ತಾಳ್ಮೆಯಪ್ಪಾ ನಿನಗೆ, ದೇವರ ಮಕ್ಕಳ ಸೇವೆ ಮಾಡ್ತಿದ್ದೀಯ ಎಂದು ಕೈಮುಗಿಯುವವರೂ ಸಿಗುತ್ತಾರೆ. ಅವರ ಮನಸ್ಸು ಒಳ್ಳೆಯದೇ, ಎದುರಾಡಬೇಡ. ಆದರೆ ಆ ಮಾತನ್ನು ತರಗತಿಯೊಳಗೆ ತೆಗೆದುಕೊಂಡು ಹೋಗಬೇಡ. ಪುಣ್ಯ ಎಂದ ಕೂಡಲೇ ನಾವು ಕೊಡುವವರಾಗುತ್ತೇವೆ, ಮಗು ಕೈಚಾಚಿದ್ದಾಗುತ್ತದೆ. ಕೊಟ್ಟಷ್ಟು ಸಾಕು ಎಂಬ ಭಾವನೆ ಅಲ್ಲಿಂದಲೇ ಶುರು.

ನಿನ್ನ ಹತ್ತಿರ ಬರುವ ಮಗು ಕಲಿಯಲು ಬರುತ್ತದೆ. ಕಲಿಯುವುದು ಅದರ ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ನೀನು ಪರೀಕ್ಷೆಗಾಗಿ ಓದಿರುತ್ತೀಯ, ಈಗ ಇನ್ನೊಮ್ಮೆ ಓದು. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18ನೇ ವಯಸ್ಸಿನವರೆಗೆ ಉಚಿತ ಶಿಕ್ಷಣ ಸಿಗಬೇಕು. ಅದು ಮನೆಯ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂದು ಆರಿಸಿಕೊಳ್ಳುವ ಹಕ್ಕೂ ಅದರಲ್ಲಿದೆ. ಹಾಗಾಗಿ ನೀನು ಸಂಬಳ ತೆಗೆದುಕೊಂಡು ಆ ಮಗುವಿನ ಹಕ್ಕನ್ನು ಈಡೇರಿಸುವ ಕೆಲಸದವಳು. ಹೀಗೆ ಅಂದುಕೊಂಡರೆ ಲೆಕ್ಕ ಕೊಡುವ ಜವಾಬ್ದಾರಿ ತಾನಾಗಿ ಬರುತ್ತದೆ.

ನಾನು ನಿನಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಯಾವುದನ್ನೇ ಕಲಿಸು, 'ನಾನು ಪಕ್ಕದಲ್ಲಿ ಇಲ್ಲದಿದ್ದರೆ ಇವನು ಇದನ್ನು ಮಾಡುತ್ತಾನಾ?' ಎಂದು ಕೇಳಿಕೋ. ಶಾಲೆಯಲ್ಲಿ ನಿನ್ನೆದುರು ಅಚ್ಚುಕಟ್ಟಾಗಿ ಉಂಡು ತಟ್ಟೆ ತೊಳೆಯುವ ಹುಡುಗಿ ಭಾನುವಾರ ಮನೆಯಲ್ಲಿ ಅಮ್ಮನ ಕೈತುತ್ತಿಗೆ ಬಾಯಿ ತೆರೆದು ಕೂರುತ್ತಾಳೆ ಎಂದರೆ, ಆ ಪಾಠ ಇನ್ನೂ ಅರ್ಧದಲ್ಲಿದೆ ಎಂದರ್ಥ. ನಮ್ಮ ಕೆಲಸದಲ್ಲಿ ಕೈ ಹಿಡಿಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಹಿಡಿದ ಕೈಯನ್ನು ಎಲ್ಲಿ, ಯಾವಾಗ, ಎಷ್ಟೆಷ್ಟು ಬಿಡಬೇಕು ಎಂಬುದನ್ನು ಕಲಿಯುವುದಕ್ಕೆ ವರ್ಷಗಳು ಬೇಕು.

ಅಂಗಿಗೆ ಗುಂಡಿ ಹಾಕಿಕೊಳ್ಳುವುದನ್ನೇ ತೆಗೆದುಕೋ. ನಿನಗೂ ನನಗೂ ಅದು ಒಂದು ಕೆಲಸ. ಬೆರಳಿನಲ್ಲಿ ಬಲವಿಲ್ಲದ, ಎರಡು ಕೈ ಒಟ್ಟಿಗೆ ಓಡದ ಮಗುವಿಗೆ ಅದು ಆರು ಕೆಲಸ. ಹೆಬ್ಬೆರಳು ತೋರುಬೆರಳಿನ ನಡುವೆ ಗುಂಡಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಕಾಜಾದ ಅಂಚು ಹಿಡಿಯಬೇಕು, ಗುಂಡಿಯನ್ನು ಓರೆ ಮಾಡಿ ಕಾಜಾದೊಳಗೆ ತೂರಿಸಬೇಕು, ಆ ಕಡೆಯಿಂದ ಅದರ ಅಂಚನ್ನು ಹಿಡಿಯಬೇಕು, ಈ ಕಡೆಯ ಕೈ ಬಿಡಬೇಕು, ಕೊನೆಗೆ ಎಳೆಯಬೇಕು. ಮೊದಲಿನಿಂದ ಕಲಿಸಲು ಹೊರಟರೆ ಮಗು ಎರಡನೆಯದಕ್ಕೇ ಸೋತು ಕೈ ಕೊಡವುತ್ತದೆ. ಅದಕ್ಕೇ ಕೊನೆಯಿಂದ ಶುರು ಮಾಡು. ಮೊದಲ ಐದನ್ನೂ ನೀನೇ ಮಾಡಿ, ಗುಂಡಿ ಅರ್ಧ ಹೊರಬಂದು ನಿಂತಾಗ ಮಗುವಿನ ಬೆರಳಿಗೆ ಕೊಡು. ಅದು ಎಳೆಯಲಿ. ಗುಂಡಿ ಸರಕ್ಕನೆ ಬಂದು ಕೂತಾಗ 'ನಾನೇ ಹಾಕಿಕೊಂಡೆ' ಎಂಬ ಖುಷಿ ಆ ಮುಖದಲ್ಲಿ ಬರುವುದನ್ನು ನೋಡು. ಅದು ಪಕ್ಕಾ ಆದಮೇಲೆ ಕೊನೆಯ ಎರಡು ಹಂತ, ಆಮೇಲೆ ಮೂರು.

ಶುರುವಿಗೆ ಹೊಟ್ಟೆಯ ಹತ್ತಿರದ ಗುಂಡಿ ಆರಿಸಿಕೋ, ಅದು ಮಗುವಿನ ಕಣ್ಣಿಗೆ ಕಾಣುತ್ತದೆ. ಕತ್ತಿನ ಗುಂಡಿ ಎಲ್ಲಕ್ಕಿಂತ ಕೊನೆಗೆ. ಸಮವಸ್ತ್ರ ಹೊಲಿಯುವ ಟೈಲರ್ ಹತ್ತಿರ ಹೋಗಿ ಗುಂಡಿ ತುಸು ದೊಡ್ಡದು, ಕಾಜಾ ತುಸು ಸಡಿಲ ಇರಲಿ ಎಂದು ನೀನೇ ಹೇಳಿ ಬಾ. ಮೊದಮೊದಲು ಮಗುವಿನ ಕೈಮೇಲೆ ನಿನ್ನ ಕೈ ಇರುತ್ತದೆ. ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈಯನ್ನು ಸುಮ್ಮನೆ ಮುಟ್ಟಿದರೆ ಸಾಕು. ಇನ್ನಷ್ಟು ದಿನಕ್ಕೆ ಬೆರಳು ತೋರಿಸಿದರೆ ಸಾಕು, ಇನ್ನಷ್ಟು ದಿನಕ್ಕೆ 'ಗುಂಡಿ' ಎಂಬ ಒಂದು ಮಾತು ಸಾಕು. ಒಂದು ದಿನ ಏನೂ ಹೇಳದೆ, ಬಾಗಿಲಾಚೆ ಹೋಗಿ ನಿಲ್ಲು. ಈ ನಿಲ್ಲುವುದೇ ಕಷ್ಟ, ಮಗಳೇ. ಮಗು ತಡಕಾಡುತ್ತಿರುತ್ತದೆ, ಶಾಲೆಯ ವ್ಯಾನ್ ಹಾರನ್ ಹೊಡೆಯುತ್ತಿರುತ್ತದೆ, ನಿನ್ನ ಕೈ ತಡೆಯುವುದಿಲ್ಲ. ಅಷ್ಟರಲ್ಲಿ ಆಯಾ ಬಂದು ಟಪಟಪ ಎಂದು ಎಲ್ಲ ಗುಂಡಿ ಹಾಕಿ ಮುಗಿಸಿರುತ್ತಾಳೆ. ಆಕೆಯನ್ನು ಗದರಬೇಡ. ಮಗುವಿನ ಮೇಲಿನ ಅಕ್ಕರೆಯಿಂದಲೇ ಮಾಡಿದ್ದು ಅದು. ಇಡೀ ದಿನ ಮಕ್ಕಳ ಜೊತೆ ಇರುವವಳು ಆಯಾ. ಏನು ಕಲಿಸುತ್ತಿದ್ದೇವೆ, ಯಾವ ಹಂತದಲ್ಲಿ ಕೈ ತೆಗೆಯಬೇಕು ಎಂದು ಆಕೆಗೂ ಕೂರಿಸಿ ಹೇಳು. ವ್ಯಾನ್ ಡ್ರೈವರ್‌ಗೂ ಹೇಳು. ಮಗು ತಾನೇ ಮೆಟ್ಟಿಲು ಹತ್ತಲು ಒಂದು ನಿಮಿಷ ಕಾಯಬಲ್ಲ ಡ್ರೈವರ್ ನಿನಗೆ ಸಿಕ್ಕರೆ, ಅರ್ಧ ಥೆರಪಿ ಅಲ್ಲೇ ಆಗುತ್ತದೆ.

ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅಳೆಯಲು ನಿನಗೆ ಪಟ್ಟಿಗಳನ್ನು ಕೊಟ್ಟಿರುತ್ತಾರೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಎಫ್‌ಎಸಿಪಿ, ಮದ್ರಾಸಿನಿಂದ ಬಂದ ಎಂಡಿಪಿಎಸ್, ಇವೆಲ್ಲ ಒಳ್ಳೆಯ ಪಟ್ಟಿಗಳೇ. ಬಳಸು. ಆದರೆ ಪಟ್ಟಿಯ ಸಾಲು ಮಗುವಿನ ಮನೆಗೆ ಹೊಂದುತ್ತದೆಯೇ ನೋಡಿಕೋ. ಚಮಚದಲ್ಲಿ ತಿನ್ನುವುದು, ಶೂ ಲೇಸ್ ಕಟ್ಟುವುದು ಎಂದು ಬರೆದುಕೊಂಡು ತಿಂಗಳುಗಟ್ಟಲೆ ಕಲಿಸುವವರನ್ನು ಕಂಡಿದ್ದೇನೆ. ಆ ಮನೆಯಲ್ಲಿ ಮುದ್ದೆ ಉಣ್ಣುತ್ತಾರೆ, ಮಗು ಹವಾಯಿ ಚಪ್ಪಲಿ ಹಾಕುತ್ತದೆ! ಮುದ್ದೆಯ ಚೂರು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು ಬಾಯಿಯ ಸ್ನಾಯು ಬಿಗಿಯಾಗಿರುವ ಮಗುವಿಗೆ ಬೇರೆಯದೇ ಪಾಠ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗಾದರೆ ಸ್ಪೀಚ್ ಥೆರಪಿಸ್ಟರನ್ನು ಕೇಳದೆ ಅದಕ್ಕೆ ಕೈಹಾಕಲೂ ಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ.

ಬೆರಳ ತುದಿಯ ಹಿಡಿತ ಬರಿಸಲು ಪ್ಲಾಸ್ಟಿಕ್ ಮಣಿಗಳೇ ಬೇಕೆಂದಿಲ್ಲ. ಅವರೆಕಾಯಿ ಕಾಲ ಬಂದಾಗ ನೆನೆಸಿದ ಅವರೆಕಾಳನ್ನು ಮುಂದಿಟ್ಟು ಹಿದುಕಲು ಕೂರಿಸು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಪುಳಕ್ಕನೆ ಚಿಮ್ಮಿ ಪಾತ್ರೆಗೆ ಬಿದ್ದಾಗ ನಗದ ಮಗುವನ್ನು ನಾನು ನೋಡಿಲ್ಲ. ಮನೆಯಲ್ಲೂ ಅದು ಮಾಡುವಂಥ ಕೆಲಸ. ಅಜ್ಜಿಯ ಪಕ್ಕದಲ್ಲಿ ಕೂತು ಹಿದುಕಿದ ಕಾಳಿನ ಸಾರನ್ನು ಮನೆಮಂದಿ ಉಂಡಾಗ, ಆ ಮನೆಯಲ್ಲಿ ಮಗುವಿನ ಜಾಗವೇ ಬದಲಾಗುತ್ತದೆ.

ಐಇಪಿಯನ್ನು, ಅಂದರೆ ಒಂದೊಂದು ಮಗುವಿಗೂ ಮಾಡುವ ಪ್ರತ್ಯೇಕ ಶಿಕ್ಷಣ ಯೋಜನೆಯನ್ನು, ಬರೆಯುವಾಗ ಅಂದದ ವಾಕ್ಯ ಬರೆಯಬೇಡ. 'ಗಮನ ಹೆಚ್ಚಿಸುವುದು', 'ಸಾಮಾಜಿಕ ಕೌಶಲ ಬೆಳೆಸುವುದು' ಎಂದು ಬರೆದರೆ ವರ್ಷದ ಕೊನೆಗೆ ಆಯಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. 'ಹೆಸರು ಹಿಡಿದು ಕರೆದರೆ ಐದರಲ್ಲಿ ನಾಲ್ಕು ಸಲ ತಿರುಗಿ ನೋಡುತ್ತಾನೆ' ಎಂದು ಬರೆ. ಯಾರು ಕರೆದರೆ, ಎಷ್ಟು ದೂರದಿಂದ ಕರೆದರೆ ಎಂಬುದನ್ನೂ ಸೇರಿಸು. ವರ್ಷಕ್ಕೊಂದು ದೊಡ್ಡ ಗುರಿ ಇದ್ದರೆ ಮೂರು ತಿಂಗಳಿಗೊಂದು ಸಣ್ಣ ಗುರಿ ಇರಲಿ. ತಾಯಿ ತಂದೆಯನ್ನು ಕೂರಿಸಿಕೊಂಡು, ಅವರಿಗೆ ತಿಳಿಯುವ ಮಾತಿನಲ್ಲಿ ಬರೆ. ಅವರ ಸಹಿ ಹಾಕಿಸುವುದಕ್ಕೆ ಮೊದಲು ಅವರಿಗೆ ಏನು ಬೇಕೆಂದು ಕೇಳು. ನೀನು 'ಬಣ್ಣ ಗುರುತಿಸುವುದು' ಎಂದು ಯೋಚಿಸುತ್ತಿರುತ್ತೀಯ, ತಾಯಿ 'ಮೇಡಂ, ರಾತ್ರಿ ಹಾಸಿಗೆ ಒದ್ದೆ ಮಾಡದಿದ್ದರೆ ಸಾಕು' ಎನ್ನುತ್ತಾಳೆ. ಮೊದಲು ಅವಳದ್ದನ್ನು ತೆಗೆದುಕೋ.

ಇನ್ನು, ಕಿರುಚುವ, ಹೊಡೆಯುವ, ತಲೆ ಚಚ್ಚಿಕೊಳ್ಳುವ ಮಕ್ಕಳ ವಿಷಯ. ಹೊಸಬರು ಹೆದರುವುದು ಇಲ್ಲೇ. ಮಾತು ಬಾರದ ಮಗು ತನಗಾದದ್ದನ್ನು ಮೈಯಿಂದಲೇ ಹೇಳುತ್ತದೆ. ಇದ್ದಕ್ಕಿದ್ದಂತೆ ಕಿವಿಗೆ ಹೊಡೆದುಕೊಳ್ಳತೊಡಗಿದರೆ ಮೊದಲು ಕಿವಿ ಸೋರುತ್ತಿದೆಯೇ, ಹಲ್ಲು ಹುಳುಕಾಗಿದೆಯೇ, ಮಲಬದ್ಧತೆ ಇದೆಯೇ ಎಂದು ಡಾಕ್ಟರಿಗೆ ತೋರಿಸಲು ಹೇಳು. ನೋವನ್ನು ಹಟ ಎಂದುಕೊಂಡು ತಿದ್ದಲು ಹೋಗುವುದು ದೊಡ್ಡ ಅನ್ಯಾಯ.

ಹಿಂದೆ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಆಟಿಸಂ ಇತ್ತು, ಮಾತಿರಲಿಲ್ಲ. ಬೆಳಗ್ಗೆ ಚೆನ್ನಾಗಿ ಕೂರುತ್ತಿದ್ದವನು ಕೆಲವು ದಿನ ಹನ್ನೊಂದರ ಹೊತ್ತಿಗೆ ಮುಂಗೈ ಕಚ್ಚಿಕೊಂಡು ಕಿರುಚುತ್ತಿದ್ದ. ಹಟ ಎಂದರು, ಹಸಿವು ಎಂದರು, ಅಮಾವಾಸ್ಯೆ ಹತ್ತಿರ ಬಂತು ಎಂದವರೂ ಇದ್ದರು. ನಾವು ಒಂದು ನೋಟ್‌ಬುಕ್‌ನಲ್ಲಿ ಮೂರು ಗೆರೆ ಎಳೆದುಕೊಂಡೆವು: ಕಿರುಚುವುದಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಬರೆಯುತ್ತ ಬರೆಯುತ್ತ ಪುಸ್ತಕವೇ ಹೇಳಿತು. ಅಡುಗೆಮನೆಯಲ್ಲಿ ಬೇಳೆಗೆ ಕುಕ್ಕರ್ ಇಟ್ಟ ದಿನ ಕಿರುಚಾಟ, ಚಿತ್ರಾನ್ನದ ದಿನ ಇಲ್ಲ. ಕುಕ್ಕರ್ ಕೂಗುವ ಸದ್ದು ಅವನಿಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕಿಂತಲೂ ಯಾವ ಗಳಿಗೆಯಲ್ಲಿ ಕೂಗುತ್ತದೋ ಎಂದು ಕಾಯುವುದು ಇನ್ನೂ ಕಷ್ಟವಾಗಿತ್ತು. ಮೂರನೆಯ ಗೆರೆ ಇನ್ನೊಂದು ಸಂಗತಿ ಹೇಳಿತು: ಅವನು ಕಿರುಚಿದಾಗಲೆಲ್ಲ ನಾವು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದೆವು. ಕಿರುಚಿದರೆ ಹೊರಗೆ ಹೋಗಬಹುದು ಎಂಬುದು ಅವನು ಕಲಿತ ಪಾಠವಾಗಿತ್ತು.

ಬೆಳಗಿನ ಚಿತ್ರಪಟ್ಟಿಯಲ್ಲಿ ಕುಕ್ಕರ್ ಇಡುವ ದಿನ ಕುಕ್ಕರಿನ ಚಿತ್ರ ಅಂಟಿಸಿದೆವು, ಅದರ ಪಕ್ಕ ಗಿಡಕ್ಕೆ ನೀರು ಹಾಕುವ ಚಿತ್ರ. ಒಲೆ ಹೊತ್ತಿಸುವ ಮೊದಲೇ ಆ ಚಿತ್ರವನ್ನು ಅವನ ಕೈಗೆ ಕೊಟ್ಟು, ಅದನ್ನು ಆಯಾಗೆ ಕೊಡಿಸಿ, ಹಿತ್ತಲಿಗೆ ಕಳಿಸುತ್ತಿದ್ದೆವು. ತುಂಬ ದಿನ ಹಿಡಿಯಿತು. ಕೊನೆಗೊಂದು ಬೆಳಗ್ಗೆ ಯಾರೂ ಹೇಳದೆ ತಾನೇ ಎದ್ದು ಚಿತ್ರ ಕಿತ್ತು ತಂದು ಆಯಾಳ ಕೈಗಿಟ್ಟ. ಆ ಚಿತ್ರ ಅವನ ಮಾತಾಯಿತು. ಮನೆಗೂ ಅಂಥದ್ದೇ ಒಂದು ಕಳಿಸಿದೆವು. ತನ್ನ ತೊಂದರೆಯನ್ನು ನಾನಿಲ್ಲದ ಕಡೆಯೂ ಹೇಳಿಕೊಳ್ಳುವ ದಾರಿ ಅವನಿಗೆ ಸಿಕ್ಕಿತು. ಇಷ್ಟಕ್ಕೆಲ್ಲ ಬೇಕಾದದ್ದು ಮೂರು ಗೆರೆಯ ಒಂದು ಪುಸ್ತಕ. ಕೈ ಎತ್ತುವುದಂತೂ ಕನಸಿನಲ್ಲೂ ಬೇಡ. ಮಕ್ಕಳನ್ನು ದಂಡಿಸುವುದು ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರವೂ ನಿಷಿದ್ಧ. ಹೊಡೆದರು ಎಂದು ಹೇಳಲೂ ಬಾರದ ಮಗುವಿಗೆ ಹೊಡೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಮುಂದೆ ನೀನು ಸಾಮಾನ್ಯ ಶಾಲೆಗಳ ಸಂಪನ್ಮೂಲ ಶಿಕ್ಷಕಿಯಾಗಿ ಹೋದರೆ, ಅಂದರೆ ಬಿಐಇಆರ್‌ಟಿ ಕೆಲಸ ಸಿಕ್ಕರೆ, ಕೆಲಸದ ಬಗೆ ಬೇರೆ. ಒಂದು ತಾಲ್ಲೂಕಿನ ಅನೇಕ ಶಾಲೆಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತೀಯ. ನೀನು ಹೋದ ಕೂಡಲೇ 'ನಿಮ್ಮ ಹುಡುಗ ಹಿಂದಿನ ಬೆಂಚಲ್ಲಿದ್ದಾನೆ ನೋಡಿ' ಎನ್ನುತ್ತಾರೆ. ನಗುತ್ತಲೇ 'ನಮ್ಮ ಹುಡುಗ' ಎಂದು ತಿದ್ದು. ತಿಂಗಳಿಗೆ ಕೆಲವೇ ದಿನ ಹೋಗುವ ನೀನು ಆ ಮಗುವಿನ ಟೀಚರ್ ಆಗಲಾರೆ. ತರಗತಿಯ ಮೇಷ್ಟ್ರೇ ಅದರ ಮೇಷ್ಟ್ರು. ಅವರಿಗೆ ಇದನ್ನು ಮಾಡಲು ಬೇಕಾದ ಧೈರ್ಯ, ಬೇಕಾದ ಉಪಾಯ ಕೊಡುವುದು ನಿನ್ನ ಕೆಲಸ. ಮಗುವನ್ನು ತರಗತಿಯಿಂದ ಎಬ್ಬಿಸಿಕೊಂಡು ಬಂದು ಸ್ಟಾಫ್‌ರೂಮಿನ ಮೂಲೆಯಲ್ಲಿ ಪಾಠ ಮಾಡುವುದು ಸುಲಭ. ಆದರೆ ನೀನು ಬಸ್ಸು ಹತ್ತಿದ ಮೇಲೆ ಅದು ಮತ್ತೆ ಹಿಂದಿನ ಬೆಂಚಿಗೇ ಹೋಗುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಅಗತ್ಯವುಳ್ಳ ಪ್ರಾಥಮಿಕ ಹಂತದ ಹತ್ತು ಮಕ್ಕಳಿಗೆ, ಅದಕ್ಕಿಂತ ಮೇಲಿನ ತರಗತಿಗಳ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದಿತು. ಆ ಲೆಕ್ಕಕ್ಕೆ ಶಾಲೆಗಳು ಇನ್ನೂ ಮುಟ್ಟಿಲ್ಲ. ಮುಟ್ಟುವವರೆಗೂ ನಿನ್ನ ಕೈಗಿಂತ ಮೇಷ್ಟ್ರ ಕೈ ಗಟ್ಟಿಯಾಗಬೇಕು.

ಕಲಿಕಾ ನ್ಯೂನತೆ ಇರುವ ಮಕ್ಕಳು ಅಲ್ಲೇ ಹೆಚ್ಚು ಸಿಗುತ್ತಾರೆ. ಚುರುಕಾಗಿ ಮಾತಾಡುತ್ತಾರೆ, ಅಂಗಡಿ ಲೆಕ್ಕ ಬಾಯಲ್ಲೇ ಹೇಳುತ್ತಾರೆ, ಪುಸ್ತಕ ತೆರೆದರೆ ಬೆವರುತ್ತಾರೆ. ಅವರ ತಪ್ಪುಗಳನ್ನು ಕೆಂಪು ಗುರುತು ಹಾಕಿ ಬಿಡಬೇಡ, ಕೂತು ಓದು. 'ಸೂರ್ಯ' ಎಂಬುದನ್ನು 'ಸೂಯರ' ಎಂದು ಓದುವ ಹುಡುಗಿ ಬುದ್ಧಿ ಇಲ್ಲದೆ ಹಾಗೆ ಓದುತ್ತಿಲ್ಲ. ಅರ್ಕಾವತ್ತನ್ನು ಬರೆಯುವುದು 'ಯ' ಆದಮೇಲೆ, ಉಚ್ಚರಿಸುವುದು ಅದಕ್ಕೆ ಮುಂಚೆ. ಅವಳು ಕಣ್ಣಿಗೆ ಕಂಡ ಕ್ರಮದಲ್ಲೇ ಪ್ರಾಮಾಣಿಕವಾಗಿ ಓದಿದ್ದಾಳೆ! ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನಮ್ಮ ಲಿಪಿಯಲ್ಲಿ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಎಲ್ಲ ಮಕ್ಕಳಿಗೂ ಅದಕ್ಕೆ ವರ್ಷಗಳು ಬೇಕು, ಇವರಿಗೆ ಇನ್ನೂ ಹೆಚ್ಚು. ಒತ್ತಕ್ಷರವನ್ನು ಬೇರೆ ಬಣ್ಣದಲ್ಲಿ ಬರೆ, ಮರಳಿನ ಮೇಲೆ ಬೆರಳಿನಿಂದ ಬರೆಸು, ಪದವನ್ನು ಚಪ್ಪಾಳೆ ತಟ್ಟಿ ಒಡೆಸು. ಜೊತೆಗೆ ಕಾಗದಪತ್ರದ ಕೆಲಸ ಮರೆಯಬೇಡ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮೂರನೇ ಭಾಷೆಯ ವಿನಾಯಿತಿ ಇವೆಲ್ಲ 2016ರ ಕಾಯ್ದೆಯಲ್ಲಿವೆ. ಒಂಬತ್ತನೇ ತರಗತಿಯಲ್ಲೇ ಪ್ರಮಾಣಪತ್ರ ಸಿದ್ಧವಾಗಿಲ್ಲದಿದ್ದರೆ ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಹೆಡ್ಮಾಸ್ಟರೂ ಏನೂ ಮಾಡಲಾರರು. ಸಹಾಯಕರ ಜೊತೆ ಉತ್ತರ ಹೇಳಿ ಬರೆಸುವುದನ್ನೂ ಮುಂಚೆಯೇ ಅಭ್ಯಾಸ ಮಾಡಿಸು.

ಶ್ರವಣದೋಷವಿರುವ ಮಗು ನಿನ್ನ ತರಗತಿಯಲ್ಲಿದ್ದರೆ ದಿನ ಶುರುವಾಗುವುದು ಕಿವಿಯ ಮಿಷಿನ್‌ನಿಂದ. ಬ್ಯಾಟರಿ ಇದೆಯೇ, ಅಚ್ಚಿನಲ್ಲಿ ಗುಗ್ಗೆ ಕಟ್ಟಿದೆಯೇ ನೋಡು. ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂಬ ಆರು ಸದ್ದುಗಳನ್ನು ಒಂದೊಂದಾಗಿ ಹೇಳಿ ಕೇಳುತ್ತಿದೆಯೇ ನೋಡು. ಇಂದು 'ಸ್' ಕೇಳದಿದ್ದರೆ ಇಂದೇ ತಿಳಿಯಬೇಕು. ಸಂಜ್ಞಾಭಾಷೆಯನ್ನೂ ಕಲಿ, ಸಂಜ್ಞೆ ಮಾಡಿದರೆ ಮಾತು ಬರುವುದಿಲ್ಲ ಎಂಬ ಹಳೆಯ ಭಯವನ್ನು ನಂಬಬೇಡ. ದೃಷ್ಟಿದೋಷವಿರುವ ಮಗುವಿಗೆ ಮೊಬೈಲ್ ಓದಿ ಹೇಳುತ್ತದಲ್ಲ ಎಂದು ಬ್ರೈಲ್ ಬಿಟ್ಟುಬಿಡುವವರು ಹೆಚ್ಚುತ್ತಿದ್ದಾರೆ. ಕೇಳಿಸಿಕೊಂಡರೆ ಕಾಗುಣಿತ ಬರುವುದಿಲ್ಲ, ಬೆರಳಿಗೆ ಆರು ಚುಕ್ಕಿ ತಾಕಿದರೆ ಬರುತ್ತದೆ. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುವುದನ್ನು ಮೊದಲು ನೀನು ಕಲಿ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಆ ಗುರು ಶಿಷ್ಯನಿಗೆ ಹಾಡು, ವಾದ್ಯಗಳನ್ನು ಕೊಟ್ಟರು. ಶಿಷ್ಯ ಮುಂದೆ ಆ ಆಶ್ರಮವನ್ನೇ ನಡೆಸಿ ನೂರಾರು ಮಕ್ಕಳಿಗೆ ಗುರುವಾದರು. ಕರುಣೆಯಿಂದ ಅನ್ನ ಹಾಕಿದ್ದಷ್ಟೇ ಆಗಿದ್ದರೆ ಇದು ಆಗುತ್ತಿರಲಿಲ್ಲ.

ತಾಯಿ ತಂದೆಯರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ನಿನ್ನ ಹತ್ತಿರ ಬರುವ ಹೊತ್ತಿಗೆ ಅವರು ಹತ್ತು ಬಾಗಿಲು ತಟ್ಟಿರುತ್ತಾರೆ. ಹರಕೆ ಕಟ್ಟಿಕೊಂಡಿರುತ್ತಾರೆ, ನಾಟಿ ಔಷಧಿಗೆ ಸಾಲ ಮಾಡಿರುತ್ತಾರೆ. ಬಸುರಿನಲ್ಲಿ ಗ್ರಹಣ ನೋಡಿದೆ ಎಂದು ಅತ್ತೆಮನೆಯವರಿಂದ ಮಾತು ಕೇಳಿದ ತಾಯಂದಿರು ಇದ್ದಾರೆ. ಮೊದಲ ಭೇಟಿಯಲ್ಲೇ 'ಇಷ್ಟು ದಿನ ಏನು ಮಾಡ್ತಿದ್ರಿ?' ಎಂದು ಕೇಳಬೇಡ. ನಿನಗೆ ಅನುಮಾನ ಬಂದರೂ ಕಾಯಿಲೆಯ ಹೆಸರು ಹೇಳಬೇಡ, ಅದು ನಿನ್ನ ಕೆಲಸವಲ್ಲ. ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೋ, ಬೆಂಗಳೂರಿನ ನಿಮ್ಹಾನ್ಸ್‌ಗೋ, ಮಾತು ಶ್ರವಣದ ತೊಂದರೆಯಾದರೆ 1965ರಿಂದ ಮೈಸೂರಿನಲ್ಲಿರುವ ಆಯಿಷ್‌ಗೋ ಕಳಿಸು. ನೀನು ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡು. ಹೋಗಿ ಬಂದರೇ ಎಂದು ಮುಂದಿನ ವಾರ ಕೇಳು.

'ಸರಿ ಹೋಗ್ತಾನಾ ಮೇಡಂ?' ಎಂದು ಎಲ್ಲರೂ ಕೇಳುತ್ತಾರೆ. ಸರಿ ಹೋಗುತ್ತಾನೆ ಎಂದು ಸುಳ್ಳು ಆಸೆ ಕೊಡಬೇಡ. ಏನೂ ಆಗಲ್ಲ ಎಂದೂ ಹೇಳಬೇಡ. ಅದೂ ಸುಳ್ಳೇ. 'ದೀಪಾವಳಿ ಹೊತ್ತಿಗೆ ತಾನೇ ಊಟ ಮಾಡೋ ಹಾಗೆ ಕಲಿಸೋಣ, ನೀವು ಹೀಗೆ ಮಾಡಿ, ನಾನು ಹೀಗೆ ಮಾಡ್ತೀನಿ' ಎಂದು ಹೇಳು. ಮನೆಗೆ ಒಂದೇ ಕೆಲಸ ಕೊಡು. ಬೆಳಗ್ಗೆಯಿಂದ ರಾತ್ರಿವರೆಗೆ ದುಡಿಯುವ ತಾಯಿಗೆ ಹತ್ತು ಚಟುವಟಿಕೆಯ ಪಟ್ಟಿ ಕೊಟ್ಟು, ಮಾಡಲಿಲ್ಲ ಎಂದು ಬೇಸರಪಟ್ಟುಕೊಳ್ಳುವುದು ನ್ಯಾಯವಲ್ಲ. ಅಪ್ಪನನ್ನೂ ಕರೆಸು, ಮೀಟಿಂಗ್ ಭಾನುವಾರ ಇಟ್ಟರೂ ಸರಿ. ಅಣ್ಣ ತಮ್ಮ ಅಕ್ಕ ತಂಗಿಯರ ಜೊತೆಯೂ ಮಾತಾಡು, ಮನೆಯಲ್ಲಿ ಯಾರೂ ಅವರನ್ನು ಕೇಳಿರುವುದಿಲ್ಲ.

ಎಲ್ಲ ತಾಯಿ ತಂದೆಯರ ಎದೆಯಲ್ಲೂ ಇರುವ, ಬಾಯಿಬಿಟ್ಟು ಹೇಳದ ಪ್ರಶ್ನೆ ಇನ್ನೊಂದಿದೆ: ನಮ್ಮ ಕಾಲದ ನಂತರ ಇವನಿಗೆ ಯಾರು? ಇದಕ್ಕೆ ನಿನ್ನ ಬಳಿ ಪೂರ್ತಿ ಉತ್ತರವಿರುವುದಿಲ್ಲ, ಆದರೆ ಗೊತ್ತಿರಬೇಕಾದ ಸಂಗತಿಗಳಿವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕರನ್ನು ನೇಮಿಸಿಕೊಡುವ ಸ್ಥಳೀಯ ಸಮಿತಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಕೈಯಲ್ಲಿದೆ. ಹೆತ್ತವರಿದ್ದರೂ ಕಾನೂನಿನ ಪ್ರಕಾರ ಪಾಲಕತ್ವದ ಪತ್ರ ಬೇಕಾಗುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಯುಡಿಐಡಿ ಎಂಬ ವೈಕಲ್ಯ ಗುರುತಿನ ಕಾರ್ಡ್ ಮಾಡಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿ. ಮಗು ಹದಿನೈದಕ್ಕೆ ಬಂದಾಗಲೇ ಈ ಮಾತು ತೆಗೆ. ಹದಿನೈದರ ಹುಡುಗನಿಗೆ ಇನ್ನೂ ಶಿಶುಗೀತೆ ಹಾಡಿಸುವುದನ್ನೂ ನಿಲ್ಲಿಸು. ಬಸ್ಸಿನ ಬೋರ್ಡ್ ಓದುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು, ಅಪರಿಚಿತರಿಗೆ ಓಟಿಪಿ ಹೇಳಬಾರದು ಎಂಬುದು, ಇವು ಅವನ ವಯಸ್ಸಿನ ಪಾಠಗಳು.

ಮಕ್ಕಳ ಮೈಯ ಬಗ್ಗೆ ನಾಚಿಕೆ ಬಿಟ್ಟು ಮಾತಾಡು. ಬೇರೆಯವರ ಕೈಯಲ್ಲಿ ಸ್ನಾನ, ಶೌಚ ಮಾಡಿಸಿಕೊಳ್ಳುವ ಮಗುವಿಗೆ ಯಾರು ಬೇಕಾದರೂ ಮುಟ್ಟಬಹುದು ಎಂದು ರೂಢಿಯಾಗಿಬಿಡುತ್ತದೆ. ಬಾಗಿಲು ಮುಚ್ಚು, ಮುಟ್ಟುವ ಮೊದಲು ಹೇಳು, ಅದು ಬೇಡ ಎಂದು ತಲೆಯಾಡಿಸಿದರೆ ಕೈ ತೆಗೆ. ಹೆಣ್ಣುಮಕ್ಕಳಿಗೆ ದೊಡ್ಡವರಾಗುವ ಮೊದಲೇ ಪ್ಯಾಡ್ ಹಾಕಿಕೊಳ್ಳುವುದನ್ನು ಹಂತ ಬಿಡಿಸಿ ಕಲಿಸು. ಯಾವುದೇ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಸಂಸ್ಥೆಯ ಹೆಸರು ಹಾಳಾಗುತ್ತದೆ, ಒಳಗೇ ಮುಗಿಸೋಣ ಎಂದು ಯಾರು ಹೇಳಿದರೂ ಕೇಳಬೇಡ. 1098ಕ್ಕೆ ಫೋನ್ ಮಾಡು.

ಫಿಟ್ಸ್ ಬರುವ ಮಕ್ಕಳು ನಿನ್ನ ತರಗತಿಯಲ್ಲಿ ಖಂಡಿತ ಇರುತ್ತಾರೆ. ಬಂದಾಗ ಯಾರೋ ಒಬ್ಬರು ಬೀಗದ ಕೈ ಹುಡುಕಲು ಓಡುತ್ತಾರೆ. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಪ್ರಯೋಜನವಿಲ್ಲ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬಾರದು. ಕೈಕಾಲು ಒತ್ತಿ ಹಿಡಿಯಬಾರದು. ಸುತ್ತಲಿನ ಬೆಂಚು ಸರಿಸು, ತಲೆಯ ಕೆಳಗೆ ಮೆತ್ತಗೇನಾದರೂ ಇಡು, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸು, ಗಡಿಯಾರ ನೋಡು. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಎಚ್ಚರವಾದಮೇಲೆ ಬಟ್ಟೆ ಒದ್ದೆಯಾಗಿದ್ದರೆ ಬೇರೆ ಮಕ್ಕಳೆದುರು ಬದಲಿಸಬೇಡ.

ಇನ್ನು, ಹುಟ್ಟುಹಬ್ಬಕ್ಕೆ ಕೇಕ್ ತಂದು ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳಲು ಬರುವವರು. ಶಾಲೆಗೆ ದಾನಿಗಳು ಬೇಕು, ಅದು ನನಗೂ ಗೊತ್ತು. ಪಾಠದ ಹೊತ್ತಿನಲ್ಲಿ ಬೇಡ, ಮುಖ ಕಾಣುವ ಫೋಟೋ ಬೇಡ ಎಂದು ಮರ್ಯಾದೆಯಿಂದಲೇ ಹೇಳಬಹುದು. ಬೇಡ ಎನ್ನಲು ಬಾರದ ಮಕ್ಕಳ ಪರವಾಗಿ ಬೇಡ ಎನ್ನಬೇಕಾದವಳು ನೀನು.

ನಿನ್ನನ್ನೂ ನೋಡಿಕೋ. ಎಷ್ಟೋ ಕಡೆ ಸಂಬಳ ಕಡಿಮೆ, ಅನುದಾನ ತಡವಾದರೆ ಅದೂ ತಡ. ತ್ಯಾಗ ಎಂದು ಸುಮ್ಮನಿರಬೇಡ. ಕೇಳುವುದು ತಪ್ಪಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಕೊಡಬೇಡ. ಆರ್‌ಸಿಐ, ಅಂದರೆ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಅವಧಿ ಮುಗಿಯುವ ಮೊದಲೇ ನವೀಕರಿಸು. 1992ರ ಕಾಯ್ದೆಯಂತೆ ಅದಿಲ್ಲದೆ ಈ ಕೆಲಸ ಮಾಡುವಂತಿಲ್ಲ. ಮಗುವನ್ನು ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಮಡಿಸಿ ಎತ್ತು, ಹತ್ತು ವರ್ಷ ದಾಟಿದವರನ್ನು ಒಬ್ಬಳೇ ಎತ್ತಲೇಬೇಡ.

ಸೇರಿದ ಮೊದಲ ವಾರ ಏನನ್ನೂ ಕಲಿಸಲು ಹೋಗಬೇಡ. ಮಕ್ಕಳ ಜೊತೆ ನೆಲದ ಮೇಲೆ ಕೂತು ನೋಡು. ಯಾರಿಗೆ ಏನು ಇಷ್ಟ, ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಯಾರ ಮನೆಯವರು ಹಗಲು ಹೊತ್ತು ಯಾವ ಫೋನ್ ನಂಬರಿನಲ್ಲಿ ಸಿಗುತ್ತಾರೆ, ಇಷ್ಟನ್ನು ಬರೆದುಕೋ. ಎರಡು ಮೂರು ಮನೆಗೆ ಹೋಗಿ ಬಾ. ಆಮೇಲೆ ನಿನ್ನ ಮೊದಲ ಐಇಪಿ ಬರೆದು ನನಗೆ ವಾಟ್ಸ್ಆ್ಯಪ್ ಮಾಡು. ಪ್ರತಿ ಗುರಿಯ ಪಕ್ಕದಲ್ಲೂ, ಅದರಿಂದ ನಿನ್ನ ಕೈಯನ್ನು ಯಾವ ತಿಂಗಳಲ್ಲಿ ಹೇಗೆ ತೆಗೆಯುತ್ತೀಯ ಎಂದು ಒಂದು ಸಾಲು ಬರೆದಿರು. ನಾನು ಓದಿ, ಕೇಳಬೇಕಾದ್ದನ್ನು ಫೋನ್‌ನಲ್ಲೇ ಕೇಳುತ್ತೇನೆ.

ನಿನ್ನ
ಅತ್ತೆ